ಹಾಲು ಕುಡಿಸುವಾಗ ಬಸಿರು ನಿಲ್ಲಲ್ಲ ಅಂದಿದ್ದಳು ಅಮ್ಮ

ನನ್ನ ಇಬ್ಬರು ಮಕ್ಕಳ ನಡುವೆ 16 ತಿಂಗಳ ಅಂತರ. ಬೇಕೂಂತ ಆದದ್ದಲ್ಲ.

ಮೊದಲ ಬಾಣಂತನ ಅರಸೀಕೆರೆ ಹತ್ತಿರದ ತವರಿನಲ್ಲಿ. "ಹಾಲು ಕುಡಿಸೋವರೆಗೂ ಬಸಿರು ನಿಲ್ಲಲ್ಲ ಬಿಡು" ಅಂದಿದ್ದಳು ಅಮ್ಮ. ಹೆರಿಗೆಯಾದ ಆಸ್ಪತ್ರೆಯಲ್ಲೂ ಯಾರೂ ಏನೂ ಹೇಳಿ ಕಳಿಸಲಿಲ್ಲ. ನಾನು ನಂಬಿದೆ. ಐದನೇ ತಿಂಗಳಿಗೆ ಮಗಳಿಗೆ ರಾಗಿ ಸರಿ ಶುರುವಾಯಿತು. ನನಗೆ ನಿದ್ದೆಯಾಗಲಿ ಅಂತ ರಾತ್ರಿ ಅಮ್ಮನೇ ಒಂದು ಬಾಟಲಿ ಹಸುವಿನ ಹಾಲು ಕುಡಿಸುತ್ತಿದ್ದಳು. ಏಳು ತಿಂಗಳು ಕಳೆದ ಮೇಲೆ ಬೆಳಗಾದರೆ ಓಕರಿಕೆ. ಪಿತ್ತ ಇರಬೇಕು ಅಂತ ಜೀರಿಗೆ ಕಷಾಯ ಕುಡಿದೆ. ಮುಟ್ಟೇ ಇನ್ನೂ ಶುರುವಾಗಿರಲಿಲ್ಲ, ಅನುಮಾನ ಎಲ್ಲಿಂದ ಬರಬೇಕು? ಕೊನೆಗೆ ಮೆಡಿಕಲ್ ಶಾಪಿನಿಂದ ಕಿಟ್ ತರಿಸಿ ನೋಡಿದರೆ ಎರಡು ಗೆರೆ.

ಬಸಿರು ಬೆಳೆದಂತೆ ಹಾಲು ಬತ್ತುತ್ತಾ ಬಂತು. ಮಗಳು ಎದೆಗೆ ಬಾಯಿಡುವಳು, ಬಿಡುವಳು, ನನ್ನ ಮುಖ ನೋಡಿ ಅಳುವಳು. ನೆನೆಸಿಕೊಂಡರೆ ಈಗಲೂ ಕರುಳು ಚುರ್ ಅನ್ನುತ್ತದೆ.

ಆ ಸಲ ತಪಾಸಣೆಗೆ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಒಬ್ಬ ಸಿಸ್ಟರ್ ಕೂರಿಸಿಕೊಂಡು ಬಿಡಿಸಿ ಹೇಳಿದರು. ಅಮ್ಮನ ಮಾತು ಸುಳ್ಳಲ್ಲ, ಆದರೆ ಅರ್ಧ. ಮಗುವಿಗೆ 6 ತಿಂಗಳು ತುಂಬಿರಬಾರದು. ಮುಟ್ಟು ಮರಳಿರಬಾರದು. ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು, ಹಗಲಲ್ಲಿ 4 ಗಂಟೆ, ರಾತ್ರಿ 6 ಗಂಟೆಗಿಂತ ಜಾಸ್ತಿ ಬಿಡುವಾಗಬಾರದು. ಮೂರೂ ಇದ್ದರೆ ನೂರಕ್ಕೆ 98 ಜನಕ್ಕೆ ಬಸಿರು ನಿಲ್ಲಲ್ಲ. ಒಂದು ತಪ್ಪಿದರೂ ಬೇರೆ ದಾರಿ ನೋಡಿಕೊಳ್ಳಲೇಬೇಕು. ಹೆರಿಗೆಯ ನಂತರ ಮೊದಲ ಮುಟ್ಟಿಗೂ ಮುಂಚೆಯೇ ಅಂಡ ಬಿಡುಗಡೆಯಾಗಬಹುದಂತೆ. ಇದೊಂದು ಮಾತು ಮೊದಲೇ ಯಾರಾದರೂ ಹೇಳಿದ್ದರೆ!

ಹೆರಿಗೆಯಾದ 48 ಗಂಟೆಯೊಳಗೇ ಬಸಿರು ನಿಲ್ಲದಂತೆ ಗರ್ಭಕೋಶದೊಳಗೆ ವಂಕಿ (ಕಾಪರ್-ಟಿ) ಹಾಕಿಸಿಕೊಳ್ಳಬಹುದು ಅಂದರು. ಅದರಿಂದ ಮುಟ್ಟಿನ ಸ್ರಾವ ಜಾಸ್ತಿಯಾಗಬಹುದು, ನನಗೆ ಮೊದಲೇ ರಕ್ತ ಕಡಿಮೆ. 'ಅಂತರ' ಅನ್ನೋ ಗರ್ಭನಿರೋಧಕ ಇಂಜೆಕ್ಷನ್ ಹೆರಿಗೆಯಾಗಿ ಆರು ವಾರ ಕಳೆದ ಮೇಲೆ, ಮೂರು ತಿಂಗಳಿಗೊಮ್ಮೆ. ಮಾಮೂಲಿ ಗರ್ಭನಿರೋಧಕ ಮಾತ್ರೆಯಲ್ಲಿರುವ ಈಸ್ಟ್ರೋಜನ್ ಹಾರ್ಮೋನ್‌ನಿಂದ ಹಾಲು ಕಡಿಮೆಯಾಗಬಹುದು, ಅದು ಮೊದಲ 6 ತಿಂಗಳು ಬೇಡ. ನಾನು ಛಾಯಾ ಆರಿಸಿಕೊಂಡೆ. ಹಾರ್ಮೋನ್ ಇಲ್ಲದ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಭಾನುವಾರ, ಬುಧವಾರ ನಮ್ಮವರೇ ನೆನಪು ಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ.

ಮಗನಿಗೀಗ ಎರಡೂವರೆ ತಿಂಗಳು. ಮೊನ್ನೆ ಅಮ್ಮ ಫೋನ್ ಮಾಡಿದ್ದಳು. ಪಕ್ಕದ ಮನೆ ಹುಡುಗಿ ಬಾಣಂತನಕ್ಕೆ ಬಂದಿದ್ದಾಳಂತೆ. "ಆ ಸಿಸ್ಟರ್ ಹೇಳಿದ್ದನ್ನ ಇನ್ನೊಂದ್ಸಲ ಹೇಳೇ, ಅವಳಿಗೆ ಸರಿಯಾಗಿ ಹೇಳ್ಬೇಕು" ಅಂದಳು.