ಹೋಹ್ ಕಾಡಿಗೆ ಹೋಗುವುದಾದರೆ ಮಳೆಗಾಲದಲ್ಲೇ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ನ್ಯಾಷನಲ್ ಪಾರ್ಕಿಗೆ ಯಾವಾಗ ಹೋಗಬೇಕು ಅಂತ ಸಿಯಾಟಲ್ ಸುತ್ತಮುತ್ತಲಿನ ನಮ್ಮವರನ್ನು ಕೇಳಿ. ಎಲ್ಲರೂ ಹೇಳುವುದು ಒಂದೇ: ಜುಲೈ, ಆಗಸ್ಟ್. ಬಿಸಿಲಿರುತ್ತದೆ, ಮಕ್ಕಳಿಗೆ ರಜೆ ಇರುತ್ತದೆ, ರಾತ್ರಿ ಎಂಟಾದರೂ ಬೆಳಕಿರುತ್ತದೆ. ಬೆಟ್ಟದ ಮೇಲಿನ ಹರಿಕೇನ್ ರಿಡ್ಜ್ ನೋಡುವುದಾದರೆ ಈ ಮಾತು ಸರಿ. ಆದರೆ ಅದೇ ಪಾರ್ಕಿನ ಪಶ್ಚಿಮಕ್ಕಿರುವ ಹೋಹ್ ಮಳೆಕಾಡಿಗೆ ಇದು ಸರಿಹೋಗುವುದಿಲ್ಲ. ಆ ಕಾಡನ್ನು ಬೆಳೆಸಿದ್ದೇ ಮಳೆ. ಬೇಸಿಗೆಯಲ್ಲಿ ಅದನ್ನು ನೋಡುವುದು ಮೇ ತಿಂಗಳಲ್ಲಿ ಜೋಗ ನೋಡಿದ ಹಾಗೆ.

ನಾನು ತೀರ್ಥಹಳ್ಳಿ ಕಡೆಯವಳು. ಇಲ್ಲಿಗೆ ಬಂದು ನೆಲೆಸಿದ ಮೇಲೆ ಸಿಯಾಟಲ್ ಮಳೆ ನನಗೆ ಮಳೆ ಅನ್ನಿಸಿದ್ದೇ ಇಲ್ಲ. ದಿನವಿಡೀ ಸಣ್ಣಗೆ ಜಿನುಗುತ್ತದೆ, ಯಾರೂ ಛತ್ರಿ ಕೂಡ ಬಿಚ್ಚುವುದಿಲ್ಲ. ಸದ್ದು ಮಾಡುವ ಮಳೆ ಬೇಕೆಂದರೆ ಒಲಿಂಪಿಕ್ ಬೆಟ್ಟಗಳ ಆಚೆಗೆ ಹೋಗಬೇಕು. ಹಾಗಾಗಿ ನವೆಂಬರ್ ಕೊನೆಯಲ್ಲಿ ರಜೆ ಹಾಕಿ, ಟ್ರಕ್ಕಿಗೆ ಕ್ಯಾಂಪರ್ ಏರಿಸಿಕೊಂಡು ಒಬ್ಬಳೇ ಹೊರಟೆ.

ಕ್ಯಾಂಪರ್ ಅಂದರೆ ಪಿಕಪ್ ಟ್ರಕ್ಕಿನ ಹಿಂದಿನ ಬೆಡ್ ಮೇಲೆ ಕೂರುವ ಪುಟ್ಟ ಮನೆ. ಬೇಡವಾದಾಗ ನಾಲ್ಕು ಮೂಲೆಯ ಜ್ಯಾಕ್ ಮೇಲೆ ಅದನ್ನು ನಿಲ್ಲಿಸಿ, ಕೆಳಗಿನಿಂದ ಟ್ರಕ್ಕನ್ನು ಈಚೆಗೆ ತೆಗೆದುಕೊಳ್ಳಬಹುದು. ಎಳೆದುಕೊಂಡು ಹೋಗುವ ಟ್ರೈಲರ್ ಅಲ್ಲದ ಕಾರಣ ಕಿರಿದಾದ ಕಾಡುದಾರಿಯಲ್ಲೂ ತಿರುಗಿಸಿಕೊಳ್ಳಬಹುದು. ನನ್ನದು ಪಾಪ್-ಅಪ್. ಓಡಿಸುವಾಗ ಸೂರು ತಗ್ಗಿರುತ್ತದೆ. ನಿಂತ ಮೇಲೆ ಮೇಲಕ್ಕೆ ತಳ್ಳಿದರೆ ನಡುವೆ ದಪ್ಪ ಬಟ್ಟೆಯ ಗೋಡೆ ಏಳುತ್ತದೆ. ಒಳಗೆ ಒಂದು ಹಾಸಿಗೆ, ಎರಡು ಬರ್ನರಿನ ಗ್ಯಾಸ್ ಒಲೆ, ಸಿಂಕ್, ಪ್ರೊಪೇನ್ ಹೀಟರ್. ಅಷ್ಟೇ. ಒಬ್ಬರಿಗೆ ಧಾರಾಳ. ಭಾರದ ಲೆಕ್ಕ ಮಾತ್ರ ಬಿಗಿ. ಟ್ರಕ್ಕಿನ ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿ ಎಷ್ಟು ಹೊರಬಹುದು ಅಂತ ಬರೆದಿರುತ್ತದೆ. ಕ್ಯಾಂಪರ್, ನೀರು, ಗ್ಯಾಸ್, ಸಾಮಾನು, ಓಡಿಸುವ ನಾನು, ಎಲ್ಲ ಸೇರಿ ಅದರೊಳಗೇ ಇರಬೇಕು. ಒದ್ದೆ ರಸ್ತೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಈ ಲೆಕ್ಕದ ಬೆಲೆ ಗೊತ್ತಾಗುತ್ತದೆ.

ಎಡ್ಮಂಡ್ಸ್‌ನಲ್ಲಿ ಫೆರಿ ಹತ್ತಿ ಕಿಂಗ್ಸ್‌ಟನ್‌ನಲ್ಲಿ ಇಳಿದೆ. ಹುಡ್ ಕಾಲುವೆಯ ತೇಲುವ ಸೇತುವೆ ದಾಟಿ ಸ್ಕ್ವಿಮ್ ಊರಿಗೆ ಬಂದಾಗ ಬಿಸಿಲು! ಇದು ಪ್ರತಿ ಸಲ ನನಗೆ ಖುಷಿ ಕೊಡುವ ಜಾಗ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 400 ಮಿಲಿಮೀಟರ್. ಅಂದರೆ ನಮ್ಮ ಚಳ್ಳಕೆರೆ ಕಡೆಯ ಲೆಕ್ಕ. ಊರ ಸುತ್ತ ಲ್ಯಾವೆಂಡರ್ ಹೊಲಗಳು. ಇಲ್ಲಿಂದ ಎರಡೂವರೆ ಗಂಟೆ ದೂರದ ಹೋಹ್ ಕಣಿವೆಯಲ್ಲಿ ಬೀಳುವುದು ಸುಮಾರು 3,500 ಮಿಲಿಮೀಟರ್. ಪೆಸಿಫಿಕ್ ಸಾಗರದಿಂದ ಬರುವ ತೇವದ ಗಾಳಿ ಒಲಿಂಪಿಕ್ ಬೆಟ್ಟಗಳಿಗೆ ಬಡಿದು, ಮೇಲೇರಿ, ತಣ್ಣಗಾಗಿ, ಇದ್ದಬದ್ದ ನೀರನ್ನೆಲ್ಲ ಪಶ್ಚಿಮದ ಇಳಿಜಾರಿನಲ್ಲೇ ಸುರಿದುಬಿಡುತ್ತದೆ. ಆಚೆ ಬದಿಗೆ ದಾಟುವಷ್ಟರಲ್ಲಿ ಮೋಡ ಬರಿದು. ಆಗುಂಬೆಯ ಕಥೆಯೂ ಇದೇ ಅಲ್ವಾ? ಅಲ್ಲಿ 7,000 ಮಿಲಿಮೀಟರ್ ದಾಟುತ್ತದೆ, ಘಟ್ಟದ ಪೂರ್ವಕ್ಕೆ ಹೋದಂತೆ ಒಣಗುತ್ತದೆ. ಕಾಲ ಮಾತ್ರ ತಿರುಗುಮುರುಗು. ನಮ್ಮಲ್ಲಿ ಗದ್ದೆ ನೆಟ್ಟಿಯ ಹೊತ್ತಿಗೆ ಇಲ್ಲಿ ಬೇಸಿಗೆ. ನಮ್ಮಲ್ಲಿ ಅಡಿಕೆ ಕೊಯ್ಲು ನಡೆಯುವಾಗ ಇಲ್ಲಿ ಜಡಿಮಳೆ.

ಪೋರ್ಟ್ ಏಂಜಲಿಸ್ ದಾಟಿ, ಲೇಕ್ ಕ್ರೆಸೆಂಟ್ ದಡದ ತಿರುವುಗಳಲ್ಲಿ ನಿಧಾನವಾಗಿ ಸಾಗಿದೆ. ಎದುರಿನಿಂದ ಮರದ ದಿಮ್ಮಿ ಹೊತ್ತ ಲಾರಿಗಳು ಬರುತ್ತಿದ್ದವು. ಮಳೆ ಅಲ್ಲೇ ಶುರುವಾಯಿತು. ಫೋರ್ಕ್ಸ್ ಊರಿನಲ್ಲಿ ಟ್ಯಾಂಕ್ ತುಂಬಿಸಿ ಅಮ್ಮನಿಗೆ ಫೋನ್ ಮಾಡಿದೆ. ಮುಂದೆ ಸಿಗ್ನಲ್ ಇರುವುದಿಲ್ಲ.

"ಒಬ್ಳೇ ಹೊರ್ಟಿದ್ದೀಯಾ? ಮಳೇಲಿ ಕಾಡಿಗೆ ಯಾರಾದ್ರೂ ಹೋಗ್ತಾರಾ ಮಾರಾಯ್ತಿ?"

"ಮಳೆ ನೋಡೋಕೇ ಹೋಗ್ತಿರೋದಮ್ಮ."

"ಉಂಬಳ ಇರಲ್ವಾ?"

"ಇಲ್ಲ. ಕಾಲಿಗೆ ಹತ್ತೋ ಉಂಬಳ ಇಲ್ಲಿಲ್ಲ."

"ಉಂಬಳ ಇಲ್ದೆ ಎಂಥ ಮಳೆಕಾಡೇ ಅದು" ಅಂದಳು ಅಮ್ಮ. ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಸಾಧನ ಜೊತೆಗಿದೆ, ದಿನಕ್ಕೆರಡು ಸಲ ತಮ್ಮನಿಗೆ ಮೆಸೇಜ್ ಹೋಗುತ್ತದೆ ಎಂದೆ. ಆಗ ಸ್ವಲ್ಪ ಸಮಾಧಾನವಾಯಿತು ಅವಳಿಗೆ.

ಹೈವೇ 101 ಬಿಟ್ಟು 18 ಮೈಲಿ ಒಳಗೆ ಹೋದರೆ ಹೋಹ್ ಕ್ಯಾಂಪ್‌ಗ್ರೌಂಡ್. ಬೇಸಿಗೆಯಲ್ಲಿ ಇಲ್ಲಿ ಕಾರುಗಳ ಸಾಲೇ ನಿಂತಿರುತ್ತದೆ. ಆ ಸಂಜೆ ಅಲ್ಲೊಂದು ಇಲ್ಲೊಂದು ಗಾಡಿ, ಅಷ್ಟೇ. ನಾಲ್ಕೂವರೆಗೆ ಕತ್ತಲು. ಹೊರಡುವಾಗ ಹಿಂದೆ ಮುಂದೆ ಮಾಡುವ ಕೆಲಸ ಇರಬಾರದೆಂದು ಟ್ರಕ್ಕಿನ ಮೂತಿಯನ್ನು ರಸ್ತೆ ಕಡೆ ಇಟ್ಟು ನಿಲ್ಲಿಸಿದೆ. ಕ್ಯಾಂಪರಿನೊಳಗಿಂದ ಡ್ರೈವರ್ ಸೀಟಿಗೆ ದಾರಿ ಇಲ್ಲ, ಹೊರಗಿಳಿದೇ ಹೋಗಬೇಕು. ಹಾಗಾಗಿ ಕೀಲಿ ದಿಂಬಿನ ಪಕ್ಕ, ಮಳೆಕೋಟು ಬಾಗಿಲ ಪಕ್ಕ. ಒಬ್ಬಳೇ ಹೋಗುವಾಗ ಈ ರೂಢಿ ತಪ್ಪಿಸುವುದಿಲ್ಲ.

ಮಳೆಯಲ್ಲಿ ಕ್ಯಾಂಪರ್ ವಾಸದ ಅಸಲಿ ಸವಾಲು ಸೋರುವುದಲ್ಲ, ಒಳಗೇ ಹುಟ್ಟುವ ತೇವ. ಅಡುಗೆ ಒಲೆಯಲ್ಲಿ ಪ್ರೊಪೇನ್ ಉರಿದರೆ ನೀರಾವಿ ಬರುತ್ತದೆ. ಅನ್ನ ಬೇಯುವಾಗ ಆವಿ, ಉಸಿರಿನಲ್ಲಿ ಆವಿ, ಒದ್ದೆ ಕೋಟಿನಿಂದ ಆವಿ. ಹೊರಗೆ ಐದಾರು ಡಿಗ್ರಿ ಚಳಿ. ಆ ಆವಿಯೆಲ್ಲ ತಣ್ಣನೆಯ ಬಟ್ಟೆ ಗೋಡೆಗೂ ಕಿಟಕಿಗೂ ಕೂತು ಹನಿಯಾಗಿ ಇಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಹಾಸಿಗೆಯ ಅಡಿ. ಅಲ್ಲಿ ಗಾಳಿ ಆಡದಿದ್ದರೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ನಾನು ಹಾಸಿಗೆಯ ಕೆಳಗೆ ಗಾಳಿಯಾಡುವ ಜಾಲರಿ ಹಾಸಿದ್ದೇನೆ. ಎಷ್ಟೇ ಚಳಿ ಇದ್ದರೂ ಸೂರಿನ ಕಿಂಡಿ ಎರಡು ಬೆರಳಷ್ಟು ತೆರೆದಿರಬೇಕು, ಆಚೆ ಬದಿಯ ಕಿಟಕಿಯೂ ಚೂರು ತೆರೆದಿರಬೇಕು. ಹೀಟರ್ ಉರಿದ ಹೊಗೆ ಆವಿ ಎಲ್ಲ ಪೈಪಿನಲ್ಲಿ ಹೊರಗೇ ಹೋಗುತ್ತದೆ, ಒಳಗೆ ಬರುವುದು ಒಣ ಬಿಸಿ ಮಾತ್ರ. ಚಳಿಗೆಂದು ಅಡುಗೆ ಒಲೆಯನ್ನೇ ಉರಿಸಿಕೊಂಡು ಕೂರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೇವ ಹೆಚ್ಚುವುದು ಒಂದು ಕಡೆ, ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ಜೀವಕ್ಕೇ ಅಪಾಯ. ಅದರ ಅಲಾರಂ ಕ್ಯಾಂಪರಿನಲ್ಲಿ ಇರಲೇಬೇಕು. ಇನ್ನು ಸೋಲಾರ್ ಪ್ಯಾನೆಲ್ ಈ ಕಾಡಿನ ನವೆಂಬರಿನಲ್ಲಿ ಹೆಸರಿಗಷ್ಟೇ. ಗಾಡಿ ಓಡುವಾಗ ತುಂಬಿದ ಬ್ಯಾಟರಿಯೇ ಗತಿ.

ಊರಿನ ಮನೆಯಲ್ಲಿ ಮಳೆಗಾಲದ ಬಟ್ಟೆ ಒಣಗುತ್ತಿದ್ದುದು ಬಚ್ಚಲ ಒಲೆಯ ಮೇಲಿನ ಗಳುವಿನಲ್ಲಿ. ಎಲ್ಲ ಬಟ್ಟೆಗೂ ಹೊಗೆ ವಾಸನೆ. ಇಲ್ಲಿ ಹೀಟರಿನ ಎದುರು ಹಗ್ಗ ಕಟ್ಟಿ ಕಾಲುಚೀಲ ನೇತು ಹಾಕಿದೆ. ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಬೇರೇನೂ ಬೇಕೆನ್ನಿಸಲಿಲ್ಲ. ಸೂರಿನ ಮೇಲೆ ಎರಡು ಥರದ ಸದ್ದು ಬರುತ್ತಿತ್ತು. ಸಣ್ಣ ಹನಿ ಮಳೆಯದು. ತಡೆದು ತಡೆದು ಧಪ್ ಅಂತ ಬೀಳುವ ದೊಡ್ಡ ಹನಿ ಮರದ್ದು. ಮಳೆ ನಿಂತರೂ ಮರ ಸುರಿಸುತ್ತಲೇ ಇರುತ್ತದೆ. ಜೊತೆಗೆ ಯಾರಾದರೂ ಇದ್ದಿದ್ದರೆ ಮಾತಾಡುತ್ತಾ ಇದನ್ನು ಕೇಳುತ್ತಲೇ ಇರಲಿಲ್ಲ ಅನ್ನಿಸುತ್ತದೆ. ಜೀರುಂಡೆ ಇಲ್ಲ, ಕಪ್ಪೆ ವಟಗುಟ್ಟುವುದಿಲ್ಲ. ಮಲೆನಾಡಿನ ಮಳೆರಾತ್ರಿಯ ಗದ್ದಲಕ್ಕೆ ಒಗ್ಗಿದ ಕಿವಿಗೆ ಇದು ಬೇರೆಯೇ ಲೋಕ. ಗಾರ್ಡನ್ ಹೆಂಪ್ಟನ್ ಎಂಬ ಧ್ವನಿ ದಾಖಲೆಗಾರರು 2005ರಲ್ಲಿ ಇದೇ ಕಾಡಿನೊಳಗೆ ಒಂದು ದಿಮ್ಮಿಯ ಮೇಲೆ ಪುಟ್ಟ ಕೆಂಪು ಕಲ್ಲಿಟ್ಟು, ಈ ಒಂದು ಚದರ ಅಂಗುಲದಲ್ಲಿ ಮನುಷ್ಯರ ಸದ್ದು ಕೇಳದಂತೆ ಕಾಯೋಣ ಎಂದರು. ಅವರು ಈ ಕಾಡನ್ನೇ ಯಾಕೆ ಆರಿಸಿಕೊಂಡರು ಅಂತ ಆ ರಾತ್ರಿ ನನಗೆ ಪೂರ್ತಿ ಅರ್ಥವಾಯಿತು.

ಬೆಳಿಗ್ಗೆ ರಬ್ಬರ್ ಬೂಟು ಹಾಕಿ ಹಾಲ್ ಆಫ್ ಮಾಸಸ್ ದಾರಿ ಹಿಡಿದೆ. ಒಂದು ಮೈಲಿಯ ಆಸುಪಾಸಿನ ಸುತ್ತು. ಜನ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ನನಗೆ ಇಡೀ ಬೆಳಿಗ್ಗೆ ಹಿಡಿಯಿತು. ದೊಡ್ಡೆಲೆಯ ಮೇಪಲ್ ಮರಗಳು ಎಲೆ ಉದುರಿಸಿ ನಿಂತಿದ್ದವು. ಎಲೆ ಇಲ್ಲದ್ದರಿಂದ ಕೊಂಬೆಗಳ ಮೇಲಿನ ಪಾಚಿ ಪೂರ್ತಿ ಕಾಣುತ್ತದೆ, ಮಾರುದ್ದ ಜೋತುಬಿದ್ದ ಹಸಿರು. ಬೇಸಿಗೆ ಕೊನೆಗೆ ಇದೇ ಪಾಚಿ ಒಣಗಿ ಕಂದಾಗಿರುತ್ತದೆ. ಕಾಂಡಗಳ ಮೇಲೆ ಬೆಳೆಯುವ ಲಿಕರಿಸ್ ಫರ್ನ್ ಅಂತೂ ಬೇಸಿಗೆಯಲ್ಲಿ ಸೊರಗಿ ನಿದ್ದೆ ಹೋಗುತ್ತದೆ, ಮಳೆ ಬಂದ ಮೇಲೆ ಹೊಸದಾಗಿ ಚಿಗುರುತ್ತದೆ. ನಾನು ನೋಡಿದಾಗ ಅದಕ್ಕೆ ಚಿಗುರಿನ ಕಾಲ. ಬೇಸಿಗೆಯಲ್ಲಿ ಬಂದವರಿಗೆ ಇದೆಲ್ಲ ಎಲ್ಲಿ ಸಿಗಬೇಕು?

ಆ ಪಾಚಿಯೊಳಗೆ ಇನ್ನೊಂದು ಸಂಗತಿ ಇದೆ. ಹಲವು ವರ್ಷಗಳಲ್ಲಿ ಪಾಚಿ ಸತ್ತು, ಕೊಳೆತು, ಕೊಂಬೆಯ ಮೇಲೆಯೇ ಮಣ್ಣಾಗುತ್ತದೆ. ಮೇಪಲ್ ಮರ ತನ್ನ ಕೊಂಬೆಯಿಂದಲೇ ಬೇರು ಬಿಟ್ಟು ಆ ಮಣ್ಣಿನ ಸಾರ ಹೀರುತ್ತದೆ. ಇದನ್ನು ಹಗ್ಗ ಕಟ್ಟಿ ಮರದ ತುದಿಗೇರಿ ಕಂಡುಹಿಡಿದು 1981ರಲ್ಲಿ ಜಗತ್ತಿಗೆ ತಿಳಿಸಿದವರು ನಳಿನಿ ನಾಡಕರ್ಣಿ. ಭಾರತದಿಂದ ಬಂದ ತಂದೆಯ ಮಗಳು. ಆಗ ಅವರಿನ್ನೂ ವಿದ್ಯಾರ್ಥಿನಿ. ತಲೆಯೆತ್ತಿ ನಿಂತು, ಕಣ್ಣಿಗೆ ಮಳೆ ಬೀಳಿಸಿಕೊಂಡು, ಆ ಬೇರುಗಳು ಎಲ್ಲಿರಬಹುದು ಅಂತ ಹುಡುಕಿದೆ. ಕೆಳಗಿನಿಂದ ಕಾಣುವುದಿಲ್ಲ. ಆದರೂ ಹುಡುಕದೇ ಇರಲಾಗಲಿಲ್ಲ.

ನೆಲದ ಮೇಲಿನ ಕಥೆಯೂ ಅಷ್ಟೇ ಚಂದ. ಇಲ್ಲಿ ನೆಲ ಪಾಚಿ, ಜರೀಗಿಡಗಳಿಂದ ಎಷ್ಟು ಇಡಿಕಿರಿದಿದೆ ಅಂದರೆ ಬಿದ್ದ ಬೀಜಕ್ಕೆ ಜಾಗವಿಲ್ಲ. ಬಿದ್ದ ಮರದ ಮೇಲೆ ಮಾತ್ರ ಜಾಗ, ಬೆಳಕು ಎರಡೂ ಸಿಗುತ್ತವೆ. ಹೆಮ್ಲಾಕ್, ಸಿಟ್ಕಾ ಸ್ಪ್ರೂಸ್ ಸಸಿಗಳು ಅದರ ಬೆನ್ನ ಮೇಲೆ ಸಾಲಾಗಿ ಹುಟ್ಟಿ, ಬೇರನ್ನು ಎರಡೂ ಬದಿಗೆ ಇಳಿಬಿಟ್ಟು ನೆಲ ಮುಟ್ಟುತ್ತವೆ. ನೂರಾರು ವರ್ಷದಲ್ಲಿ ಹಳೇ ಮರ ಕರಗಿಹೋಗುತ್ತದೆ. ಆಮೇಲೆ ಉಳಿಯುವುದು ನೇರ ಸಾಲಿನಲ್ಲಿ ನಿಂತ ದೈತ್ಯ ಮರಗಳು, ಬುಡದಲ್ಲಿ ಮನುಷ್ಯ ತೂರುವಷ್ಟು ಪೊಳ್ಳು. ಅಂಥ ಒಂದು ಪೊಳ್ಳಿನ ಪಕ್ಕ ಗೇಣುದ್ದದ ಹಳದಿ ಬನಾನಾ ಸ್ಲಗ್, ಅಂದರೆ ಚಿಪ್ಪಿಲ್ಲದ ಬಸವನಹುಳು, ತೆವಳುತ್ತಿತ್ತು. ಅದು ದಾರಿ ದಾಟುವವರೆಗೂ ಕಾದೆ. ನಡಿ ಹೋಗೋಣ ಎನ್ನುವವರು ಯಾರೂ ಇರಲಿಲ್ಲ.

ಮಧ್ಯಾಹ್ನ ರೇಂಜರ್ ಒಬ್ಬರು ಗಾಡಿಯಿಂದ ಗಾಡಿಗೆ ಬಂದು ಹೇಳಿದರು: ರಾತ್ರಿ ಅಟ್ಮಾಸ್ಫೆರಿಕ್ ರಿವರ್ ಬರುತ್ತಿದೆ, ನದಿ ಏರುತ್ತದೆ, ರಸ್ತೆ ಮುಚ್ಚಿದರೆ ಯಾವಾಗ ತೆರೆಯುತ್ತೇವೋ ಗೊತ್ತಿಲ್ಲ. ಹವಾಯಿ ಕಡೆಯಿಂದ ಉದ್ದ ಪಟ್ಟಿಯಾಗಿ ಬರುವ ಬೆಚ್ಚನೆ ತೇವದ ಗಾಳಿ ಅದು. ಬೆಟ್ಟದ ಮೇಲೆ ಆಗಷ್ಟೇ ಬಿದ್ದ ಹಿಮದ ಮೇಲೆ ಬೆಚ್ಚಗಿನ ಮಳೆ ಸುರಿಯುತ್ತದೆ. ಮಳೆ ನೀರು, ಕರಗಿದ ಹಿಮ ಎರಡೂ ಒಟ್ಟಿಗೇ ನದಿಗಿಳಿಯುತ್ತವೆ. 2024ರ ಡಿಸೆಂಬರಿನಲ್ಲಿ ಇದೇ ರಸ್ತೆಯ ಒಂದು ತುಂಡನ್ನು ಹೋಹ್ ನದಿ ಕೊಚ್ಚಿಕೊಂಡು ಹೋಗಿ, 2025ರ ಮೇವರೆಗೆ ಇಲ್ಲಿಗೆ ವಾಹನ ಬರುವ ದಾರಿಯೇ ಇರಲಿಲ್ಲ. ಯೋಚಿಸುವುದೇನೂ ಇರಲಿಲ್ಲ. ಹೊರಟೆ.

ಹೊರಡುವ ಮೊದಲು ನದಿ ನೋಡಿ ಬಂದೆ. ಬೆಳಿಗ್ಗೆ ಹಿಮನದಿಯ ಹಿಟ್ಟುಮಣ್ಣು ಬೆರೆತ ತಿಳಿ ಬೂದು ನೀಲಿ ಇತ್ತು. ಈಗ ಕಂದು. ಬೇರುಸಹಿತ ಮರವೊಂದು ತಿರುಗುತ್ತಾ ಹೋಯಿತು. ನೀರಿನಡಿ ಕಲ್ಲುಗುಂಡುಗಳು ಉರುಳುವ ಗುಡುಗುಡು ಕಾಲಿಗೆ ತಿಳಿಯುತ್ತಿತ್ತು. ತುಂಗೆ ಆಗಸ್ಟಿನಲ್ಲಿ ರಾಮಮಂಟಪ ಮುಳುಗಿಸುವುದನ್ನು ನೋಡಿ ಬೆಳೆದವಳು ನಾನು. ತುಂಬಿದ ಹೊಳೆಗೆ ಕೊಡಬೇಕಾದ ಮರ್ಯಾದೆ ಗೊತ್ತಿದೆ.

ಸೂರು ಇಳಿಸುವುದೇ ದೊಡ್ಡ ಕೆಲಸವಾಯಿತು. ಒದ್ದೆ ಬಟ್ಟೆ ಬಿಗಿದುಕೊಂಡು ಮಡಚಲು ಒಪ್ಪುವುದಿಲ್ಲ. ಒಳಗಿನ ಹನಿಯನ್ನು ಟವೆಲಿನಿಂದ ಒರೆಸಿ, ಬಟ್ಟೆಯನ್ನು ಒಳಮುಖ ಎಳೆಯುತ್ತಾ ಇಳಿಸಿ, ಕೊಂಡಿ ಹಾಕುವಷ್ಟರಲ್ಲಿ ಕೋಟಿನ ತೋಳಿನೊಳಗೆಲ್ಲ ನೀರು. ರಸ್ತೆಗೆ ಬಂದರೆ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡು ಅಡ್ಡ. ಹತ್ತಾರು ಹೆಣ್ಣು, ಮರಿಗಳು, ಹಿಂದೆ ಕವಲುಗೊಂಬಿನ ಗಂಡು. ಈ ರೂಸ್‌ವೆಲ್ಟ್ ಎಲ್ಕ್‌ಗಳನ್ನು ಉಳಿಸಲೆಂದೇ 1909ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಈ ನಾಡಿನ ಒಂದು ಭಾಗಕ್ಕೆ ಮೊದಲ ಕಾವಲು ಹಾಕಿದ್ದು. ಅವಕ್ಕೆ ಅವಸರ ಇರಲಿಲ್ಲ. ಇಂಜಿನ್ ಆರಿಸಿ ಕೂತೆ. ನದಿ ಏರುತ್ತಿದೆ, ಕತ್ತಲಾಗುತ್ತಿದೆ, ಆದರೂ ಮನಸ್ಸಿನಲ್ಲಿ ಅವು ಬೇಗ ಹೋಗಲಿ ಅನ್ನಿಸಲಿಲ್ಲ.

ರಾತ್ರಿ ಕಲಾಲೋಕ್‌ನಲ್ಲಿ, ಸಮುದ್ರದ ಮೇಲಿನ ದಿಬ್ಬದ ಕ್ಯಾಂಪ್‌ಗ್ರೌಂಡಿನಲ್ಲಿ ಉಳಿದೆ. ದಡದ ಅಂಚು ಬಿಟ್ಟು, ಬಾಗಿದ ಸ್ಪ್ರೂಸ್ ಮರಗಳ ಗುಂಪಿನಿಂದಲೂ ದೂರ ನಿಲ್ಲಿಸಿದೆ. ಗಾಳಿಗೆ ಕೊಂಬೆ ಮುರಿಯುವ ಭಯ ಅಲ್ಲಿ ನಿಜವಾದದ್ದು. ಸೂರು ಎತ್ತದೆ, ತಗ್ಗಿದ ಕ್ಯಾಂಪರಿನೊಳಗೇ ತೆವಳಿ ಮಲಗಿದೆ.

ಮನೆಗೆ ಬಂದ ದಿನವೇ ಸೂರು ಎತ್ತಿ ಫ್ಯಾನ್ ಹಚ್ಚಿ ಒಣಗಿಸಿದೆ. ಒದ್ದೆ ಬಟ್ಟೆಯನ್ನು ಮಡಚಿಟ್ಟು ಮರೆತರೆ ಕ್ಯಾಂಪರ್ ಕತೆ ಮುಗಿಯಿತು. ಜನವರಿಗೆ ಮತ್ತೆ ರಜೆ ಕೇಳಿದ್ದೇನೆ, ಈ ಸಲ ಕ್ವಿನಾಲ್ಟ್ ಕಣಿವೆಗೆ. ಅಲ್ಲಿ ಸರೋವರದ ದಡದಲ್ಲಿ 1926ರಲ್ಲಿ ಕಟ್ಟಿದ ಲಾಡ್ಜ್ ಇದೆ. 1937ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಲ್ಲಿಗೆ ಬಂದು ಹೋದ ಮರುವರ್ಷವೇ ಈ ಕಾಡುಗಳು ನ್ಯಾಷನಲ್ ಪಾರ್ಕ್ ಆದವು. ಗೆಳತಿಯೊಬ್ಬಳು ತಾನೂ ಬರುತ್ತೇನೆ ಎಂದಿದ್ದಾಳೆ. ಬಾ, ಲಾಡ್ಜಿನಲ್ಲಿ ರೂಮ್ ಮಾಡ್ಕೋ, ಹಗಲು ಒಟ್ಟಿಗೆ ನಡೆಯೋಣ ಎಂದಿದ್ದೇನೆ. ರಾತ್ರಿ ಮಾತ್ರ ನಾನು ಕ್ಯಾಂಪರಿನಲ್ಲೇ.