ಕೋಪನ್‌ಹೇಗನ್ನಿನ 13.2 ಕಿಲೋಮೀಟರ್: ನಾಳಿನ ಟೈಮ್ ಟ್ರಯಲ್‌ಗೆ ಮುನ್ನ

ಜೂನ್ 30, 2022, ಗುರುವಾರ ರಾತ್ರಿ

ನಾಳೆ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಮೂರು ವಾರಗಳ ಸೈಕಲ್ ಸ್ಪರ್ಧೆಯಾದ ಟೂರ್ ಡಿ ಫ್ರಾನ್ಸ್‌ನ 109ನೆಯ ಆವೃತ್ತಿ ಟೈಮ್ ಟ್ರಯಲ್‌ನೊಂದಿಗೆ, ಅಂದರೆ ಸವಾರರು ಒಬ್ಬೊಬ್ಬರಾಗಿ ಹೊರಟು ಗಡಿಯಾರದ ಎದುರು ಓಡುವ ಓಟದೊಂದಿಗೆ, ಆರಂಭವಾಗುತ್ತದೆ. ಅಲ್ಲಿಯ ಕಾಲಮಾನದಂತೆ ನಾಲ್ಕು ಗಂಟೆಗೆ, ನಮ್ಮಲ್ಲಿ ಸಂಜೆ ಏಳೂವರೆಗೆ, ಮೊದಲ ಸವಾರ ಹೊರಡುತ್ತಾರೆ. ಅಲ್ಲಿಂದ ನಿಮಿಷಕ್ಕೊಬ್ಬರಂತೆ 22 ತಂಡಗಳ 176 ಸವಾರರೂ ಹೊರಟು ಮುಗಿಯುವಷ್ಟರಲ್ಲಿ ಸುಮಾರು ಮೂರು ತಾಸು ಕಳೆದಿರುತ್ತದೆ. ನಾಳಿನ ಸ್ಪರ್ಧೆಯ ಕುರಿತು ಯೋಚಿಸುವಾಗಲೆಲ್ಲ ನನ್ನ ಮನಸ್ಸು ಬಂದು ನಿಲ್ಲುವುದು ಈ ಮೂರು ತಾಸಿನ ಮೇಲೆಯೇ. ಮಳೆಯ ಮುನ್ಸೂಚನೆ ಇದೆ. ಕಡಲಂಚಿನ ಊರಿನ ಆಕಾಶ ಮೂರು ತಾಸಿನಲ್ಲಿ ಎಷ್ಟು ಸಲ ಬೇಕಾದರೂ ಬದಲಾಗಬಹುದು. ಹೀಗಾಗಿ ಒಂದೇ ರಸ್ತೆಯಲ್ಲಿ ಒಂದೇ ಸಂಜೆ ಓಡಿದರೂ ಎಲ್ಲರಿಗೂ ಒಂದೇ ರಸ್ತೆ ಸಿಕ್ಕಿತು ಎಂದು ಹೇಳಲು ಬರುವುದಿಲ್ಲ.

ನಾನು ವಿಜಯಪುರದವನು. ನಮ್ಮ ಕಡೆ, ಬಾಗಲಕೋಟೆಯನ್ನೂ ಸೇರಿಸಿಕೊಂಡು, ಸೈಕಲ್ ಸ್ಪರ್ಧೆಯ ಅಭಿಮಾನ ಹಳೆಯದು. ಈ ಜಿಲ್ಲೆಗಳ ಹಳ್ಳಿಗಳಿಂದ ಹೋದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಟೈಮ್ ಟ್ರಯಲ್ ಎಂದರೇನು ಎಂದು ನಾನು ಕಲಿತದ್ದು ಟಿವಿಯಲ್ಲಿ ಅಲ್ಲ, ಊರ ಹೊರಗಿನ ಹೆದ್ದಾರಿಯ ಬದಿಯಲ್ಲಿ ನಿಂತು. ಇನ್ನೂ ಬಿಸಿಲೇರದ ಮುಂಜಾನೆಯಲ್ಲಿ ಒಬ್ಬ ಹುಡುಗ ಗೆರೆಯ ಮೇಲೆ ಸೈಕಲ್ ನಿಲ್ಲಿಸಿದ್ದ. ಹಿಂದೆ ನಿಂತವರೊಬ್ಬರು ಸೀಟು ಹಿಡಿದು ಸೈಕಲ್ಲನ್ನು ನೆಟ್ಟಗೆ ಇರಿಸಿದ್ದರು. ಎರಡೂ ಪಾದ ಪೆಡಲಿಗೆ ಸಿಕ್ಕಿಸಿಕೊಂಡಿದ್ದ ಆತ ಕದಲದೆ ಕುಳಿತಿದ್ದ. ಪಕ್ಕದ ತೀರ್ಪುಗಾರರು ಅವನ ಕಣ್ಣೆದುರು ಐದು ಬೆರಳು ಬಿಚ್ಚಿ ಹಿಡಿದು ಒಂದೊಂದಾಗಿ ಮಡಚುತ್ತ ಹೋದರು. ಮೂರನೆಯ ಬೆರಳು ಮಡಚುವಾಗ ಅವನು ಉಸಿರು ಒಳಗೆಳೆದುಕೊಂಡ ಸದ್ದು ನನಗೆ ಕೇಳಿಸಿತು. ಕೊನೆಯ ಬೆರಳು ಮಡಚಿದ ಮರುಕ್ಷಣ ಅವನು ಅಲ್ಲಿರಲಿಲ್ಲ. ನಾಳೆ ಕೋಪನ್‌ಹೇಗನ್ನಿನಲ್ಲಿ ಎತ್ತರದ ವೇದಿಕೆ ಇರುತ್ತದೆ, ದೊಡ್ಡ ಗಡಿಯಾರ ಇರುತ್ತದೆ, ಜನಸಾಗರ ಇರುತ್ತದೆ. ಆದರೆ ಸೀಟು ಹಿಡಿಯುವ ಆ ಕೈಯೂ ಮಡಚುವ ಆ ಬೆರಳುಗಳೂ ಅಲ್ಲಿಯೂ ಇರುತ್ತವೆ.

ಓಡಬೇಕಾದ ದೂರ 13.2 ಕಿಲೋಮೀಟರ್. ಎಂಟು ಕಿಲೋಮೀಟರಿನೊಳಗೆ ಮುಗಿಯುವ ಆರಂಭದ ಓಟಕ್ಕೆ ಮಾತ್ರ ಪ್ರೊಲೋಗ್ ಎಂಬ ಹೆಸರು ಸಲ್ಲುವುದರಿಂದ ನಾಳಿನದು ಅಧಿಕೃತವಾಗಿ ಒಂದನೆಯ ಹಂತವೇ ಆಗಿದೆ. 2012ರಲ್ಲಿ ಲೀಜ್ ನಗರದಲ್ಲಿ ನಡೆದ 6.4 ಕಿಲೋಮೀಟರಿನ ಓಟದ ಬಳಿಕ ಟೂರ್‌ನಲ್ಲಿ ಪ್ರೊಲೋಗ್ ನಡೆದೇ ಇಲ್ಲ. ನಾಳಿನ ಹಾದಿಯಲ್ಲಿ ಏರು ಎನ್ನುವಂಥದ್ದೇನೂ ಇಲ್ಲ; ಮತ್ಸ್ಯಕನ್ಯೆಯ ಪ್ರತಿಮೆಯ ಕಡೆಯಿಂದ, ಅಮಾಲಿಯನ್‌ಬೋರ್ ಅರಮನೆಯ ಆಸುಪಾಸಿನಿಂದ ಹಾದು ಅದು ಟಿವೊಲಿ ಉದ್ಯಾನದ ಹತ್ತಿರ ಮುಗಿಯುತ್ತದೆ. ಸಮತಟ್ಟು ಎಂದ ಮಾತ್ರಕ್ಕೆ ಸುಲಭ ಎಂದುಕೊಳ್ಳಬಾರದು. ನಗರದ ಹಾದಿಯಾದ್ದರಿಂದ ಮೇಲಿಂದ ಮೇಲೆ ತಿರುವುಗಳು ಬರುತ್ತವೆ, ಮತ್ತು ಟೈಮ್ ಟ್ರಯಲ್ ಸೈಕಲ್ ತಿರುವಿಗಾಗಿ ಮಾಡಿದ ಸೈಕಲ್ಲೇ ಅಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಐವತ್ತು ಕಿಲೋಮೀಟರ್ ವೇಗದಲ್ಲಿ ಸಪಾಟು ರಸ್ತೆಯ ಮೇಲೆ ಹೋಗುವವರ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ವೇಗ ಎರಡರಷ್ಟಾದರೆ ಗಾಳಿಯೆದುರು ಬೇಕಾಗುವ ಶಕ್ತಿ ಎಂಟರಷ್ಟಾಗುತ್ತದೆ. ಆದ್ದರಿಂದಲೇ ಸವಾರರು ಮುಂದಕ್ಕೆ ಚಾಚಿದ ಉದ್ದನೆಯ ಹಿಡಿಗಳ ಮೇಲೆ ಮೊಣಕೈಯೂರಿ, ತಲೆ ತಗ್ಗಿಸಿ, ಬೆನ್ನನ್ನು ಹಲಗೆಯಂತೆ ಚಪ್ಪಟೆ ಮಾಡಿಕೊಂಡು ಓಡುತ್ತಾರೆ. ಹಿಂದಿನ ಗಾಲಿ ಕಡ್ಡಿಗಳಿಲ್ಲದ ಮುಚ್ಚಿದ ತಟ್ಟೆಯಾಗಿರುತ್ತದೆ. ಆ ಭಂಗಿಯಲ್ಲಿ ಕೈಗೆ ಬ್ರೇಕ್ ಸಿಗುವುದಿಲ್ಲ. ಪ್ರತಿ ದೊಡ್ಡ ತಿರುವಿಗೂ ಕೈಯನ್ನು ಹಿಡಿಯಿಂದ ಅಗಲದ ಹ್ಯಾಂಡಲಿಗೆ ತರಬೇಕು, ಬ್ರೇಕ್ ಒತ್ತಬೇಕು, ವಾಲಬೇಕು, ಎದ್ದು ಮತ್ತೆ ವೇಗ ಕೂಡಿಸಬೇಕು, ಮತ್ತೆ ಮೊಣಕೈಯೂರಿ ಮಲಗಬೇಕು. ಒಂದು ತಿರುವಿನಲ್ಲಿ ಅರ್ಧ ಸೆಕೆಂಡು ಹೆಚ್ಚು ಅಂಜಿದರೆ ಹತ್ತು ತಿರುವಿಗೆ ಐದು ಸೆಕೆಂಡು ಹೋಗುತ್ತದೆ. 2015ರ ಟೂರ್‌ನ ಮೊದಲ ದಿನ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಮೊದಲಿಗರಿಗೂ ಎರಡನೆಯವರಿಗೂ ಇದ್ದ ಅಂತರ ಸರಿಯಾಗಿ ಐದು ಸೆಕೆಂಡು. 2017ರಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿಯೂ ಅಷ್ಟೇ.

ಉಟ್ರೆಕ್ಟ್‌ನ ರಸ್ತೆ ಅಂದು ಒಣಗಿತ್ತು. ಆಸ್ಟ್ರೇಲಿಯಾದ ರೋಹನ್ ಡೆನ್ನಿಸ್ 13.8 ಕಿಲೋಮೀಟರನ್ನು 14 ನಿಮಿಷ 56 ಸೆಕೆಂಡಿನಲ್ಲಿ ಮುಗಿಸಿದರು. ಸರಾಸರಿ ವೇಗ ಗಂಟೆಗೆ 55.446 ಕಿಲೋಮೀಟರ್ ಆಗಿತ್ತು. ಅದೇ ವೇಗವನ್ನು ನಾಳಿನ ದೂರಕ್ಕೆ ಹಾಕಿ ನೋಡಿದರೆ 14 ನಿಮಿಷ 17 ಸೆಕೆಂಡು ಬರುತ್ತದೆ. ರಸ್ತೆ ಒಣಗಿದ್ದರೂ ಕೋಪನ್‌ಹೇಗನ್ನಿನಲ್ಲಿ ಇಷ್ಟು ಕಡಿಮೆ ಹೊತ್ತು ಯಾರಿಗೂ ಸಾಲದು ಎಂಬುದು ನನ್ನ ಅಂದಾಜು. ಮಳೆ ಬಂದರೆ ಗೆದ್ದವರ ಗಡಿಯಾರವೂ ಹದಿನೈದು ನಿಮಿಷ ದಾಟುತ್ತದೆ.

ಮಳೆಯ ಮಾತು ಬಂದಾಗ 1995ರ ಟೂರ್ ಆರಂಭವಾದ ಫ್ರಾನ್ಸಿನ ಸೇಂಟ್ ಬ್ರಿಯೂ ನೆನಪಾಗದೆ ಇರುವುದಿಲ್ಲ. ಅದರ ಹಿಂದಿನ ವರ್ಷ ಲಿಲ್ ನಗರದಲ್ಲಿ 55.152 ಕಿಲೋಮೀಟರ್ ಸರಾಸರಿಯಲ್ಲಿ ಗೆದ್ದಿದ್ದ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ ಆ ಸಲವೂ ಗೆಲ್ಲುತ್ತಾರೆಂದು ಎಲ್ಲರೂ ನಂಬಿದ್ದರು. ಓಟ ನಡೆದದ್ದು ಕತ್ತಲಾಗುವ ಹೊತ್ತಿನಲ್ಲಿ. ಮೊದಮೊದಲು ಹೋದವರಿಗೆ ಒಣ ರಸ್ತೆ ಸಿಕ್ಕಿತು, ಕೊನೆಯ ಸರದಿಯವರಿಗೆ ಸುರಿಮಳೆ ಸಿಕ್ಕಿತು. ಬೋರ್ಡ್‌ಮನ್ ಇಳಿಜಾರಿನ ತಿರುವಿನಲ್ಲಿ ಜಾರಿ ಬಿದ್ದು ಪಾದದ ಕೀಲು ಮುರಿದುಕೊಂಡು ಅಂದೇ ಟೂರ್‌ನಿಂದ ಹೊರಬಿದ್ದರು. ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿರುವವರಿಗೆ ಸಿಗುವ ಹಳದಿ ಅಂಗಿಯನ್ನು ಅಂದು ತೊಟ್ಟವರು ಮಳೆಗೆ ಮುನ್ನವೇ ಓಡಿ ಮುಗಿಸಿದ್ದ ಫ್ರಾನ್ಸಿನ ಜಾಕಿ ದ್ಯೂರಾ. ಡ್ಯೂಸೆಲ್‌ಡಾರ್ಫ್‌ನಲ್ಲಿ ಮಳೆ ಇನ್ನೊಂದು ಬಗೆಯಲ್ಲಿ ಲೆಕ್ಕ ತಪ್ಪಿಸಿತು. ಒದ್ದೆ ತಿರುವಿನಲ್ಲಿ ಜಾರಿ ಕಬ್ಬಿಣದ ಬೇಲಿಗೆ ಬಡಿದ ಅಲೆಹಾಂದ್ರೊ ವಾಲ್ವೆರ್ದೆ ಅವರ ಮೊಣಕಾಲ ಚಿಪ್ಪು ಒಡೆಯಿತು, ಮೂರು ವಾರಗಳ ಸ್ಪರ್ಧೆ ಅವರ ಪಾಲಿಗೆ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಅದೇ ರಸ್ತೆಯಲ್ಲಿ ಜೆರೈಂಟ್ ಥಾಮಸ್ 14 ಕಿಲೋಮೀಟರನ್ನು 16 ನಿಮಿಷ 4 ಸೆಕೆಂಡಿನಲ್ಲಿ ಓಡಿ ಗೆದ್ದರು.

ಇದಕ್ಕಾಗಿಯೇ ತಂಡಗಳು ಯಾರನ್ನು ಯಾವ ಸರದಿಯಲ್ಲಿ ಕಳುಹಿಸಬೇಕೆಂದು ತಲೆ ಕೆಡಿಸಿಕೊಳ್ಳುತ್ತವೆ. ಪ್ರತಿ ತಂಡದಲ್ಲಿ ಎಂಟು ಸವಾರರಿದ್ದಾರೆ. ಒಂದೊಂದು ಸರದಿಯಲ್ಲಿ ತಂಡಕ್ಕೊಬ್ಬರು ಹೊರಡುತ್ತಾರೆ. ತನ್ನ ನಾಯಕನಿಗೆ ಒಣ ರಸ್ತೆ ಸಿಗಲಿ ಎಂದು ತಂಡ ಅವರನ್ನು ಮೊದಲೇ ಕಳುಹಿಸಬಹುದು. ಆ ಹೊತ್ತಿಗೇ ಮಳೆ ಹೊಯ್ದು, ಕೊನೆಗೆ ಹೋದವರಿಗೆ ರಸ್ತೆ ಒಣಗುತ್ತ ಬಂದರೆ ಜಾಣತನವೆಲ್ಲ ತಿರುಗುಬಾಣವಾಗುತ್ತದೆ. ಮುನ್ಸೂಚನೆ ನೋಡಿ ಬಿತ್ತನೆಯ ದಿನ ಗೊತ್ತುಮಾಡಿದ ಯಾವ ರೈತನಿಗೂ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಗೆಲ್ಲುವವರು ಯಾರು ಎಂಬ ಪ್ರಶ್ನೆ. ಕಾಲಿನ ಬಲವೊಂದನ್ನೇ ತೂಗುವುದಾದರೆ ಇಟಲಿಯ ಫಿಲಿಪ್ಪೊ ಗನ್ನಾ ಅವರ ಎದುರು ನಿಲ್ಲುವವರು ಕಡಿಮೆ. 2020 ಮತ್ತು 2021ರ ವಿಶ್ವ ಚಾಂಪಿಯನ್ ಅವರೇ. ಎರಡೂ ಸಲ ಎರಡನೆಯ ಸ್ಥಾನ ಪಡೆದವರು ಬೆಲ್ಜಿಯಂನ ವೌಟ್ ವಾನ್ ಆರ್ಟ್. ಇದೇ ತಿಂಗಳು ಡೊಫಿನೆ ಸ್ಪರ್ಧೆಯ ಟೈಮ್ ಟ್ರಯಲ್‌ನಲ್ಲಿಯೂ ಗನ್ನಾ ಗೆದ್ದರು, ವಾನ್ ಆರ್ಟ್ ಎರಡೇ ಸೆಕೆಂಡು ಹಿಂದಿದ್ದರು. ಸ್ವಿಟ್ಜರ್ಲೆಂಡಿನ ಇಬ್ಬರು ಸ್ಟೆಫಾನ್‌ರನ್ನೂ ಮರೆಯುವಂತಿಲ್ಲ. ಯುರೋಪಿಯನ್ ಚಾಂಪಿಯನ್ ಸ್ಟೆಫಾನ್ ಕ್ಯೂಂಗ್ ಈ ಬಗೆಯ ಓಟದಲ್ಲಿ ಹಳದಿ ಅಂಗಿಯ ಹತ್ತಿರ ಬಂದು ಕೈತಪ್ಪಿಸಿಕೊಂಡವರು. ಸ್ಟೆಫಾನ್ ಬಿಸೆಗರ್ ಇದೇ ವರ್ಷ ಯುಎಇ ಟೂರ್‌ನ ಒಂಬತ್ತು ಕಿಲೋಮೀಟರಿನ ಓಟದಲ್ಲಿ ಗನ್ನಾ ಅವರನ್ನೇ ಸೋಲಿಸಿದವರು.

ಹಾಗಿದ್ದೂ ನನ್ನ ಆಯ್ಕೆ ವಾನ್ ಆರ್ಟ್. ಅವರು ಮೂರು ಸಲ ಸೈಕ್ಲೊಕ್ರಾಸ್ ವಿಶ್ವ ಚಾಂಪಿಯನ್ ಆದವರು. ಚಳಿಗಾಲದ ಕೆಸರಿನಲ್ಲಿ ಸೈಕಲ್ಲಿನ ಹಿಂಗಾಲಿ ಜಾರುವುದನ್ನು ದೇಹವೇ ಅರಿತು ಸರಿಪಡಿಸಿಕೊಳ್ಳುವ ಆ ಕಲೆ ಒದ್ದೆಯಾದ ಕಲ್ಲುಹಾಸಿನ ಮೇಲೆ, ಬಿಳಿ ಬಣ್ಣದ ಗೆರೆಗಳ ಮೇಲೆ, ಚರಂಡಿಯ ಕಬ್ಬಿಣದ ಮುಚ್ಚಳಗಳ ಮೇಲೆ ಬಲು ಬೆಲೆಯುಳ್ಳದ್ದು. ನಾಲ್ಕು ಸಲ ಅದೇ ಪಟ್ಟ ಗೆದ್ದ ನೆದರ್ಲೆಂಡ್ಸ್‌ನ ಮ್ಯಾಥ್ಯೂ ವಾನ್ ಡರ್ ಪೂಲ್ ಅವರನ್ನೂ ನಾನು ಇದೇ ಕಾರಣಕ್ಕೆ ಮೊದಲ ಐವರಲ್ಲಿ ಇರಿಸುತ್ತೇನೆ. ಮೊಣಕಾಲಿನ ಪೆಟ್ಟಿನಿಂದಾಗಿ ವಾನ್ ಆರ್ಟ್ ಕಳೆದ ವಾರ ಬೆಲ್ಜಿಯಂನ ರಾಷ್ಟ್ರೀಯ ಸ್ಪರ್ಧೆಗೆ ಇಳಿಯಲಿಲ್ಲ ಎಂಬ ಆತಂಕವೊಂದು ಉಳಿದಿದೆ.

ಒಟ್ಟಾರೆ ಟೂರ್ ಗೆಲ್ಲಲು ಬಂದವರ ಲೆಕ್ಕಾಚಾರ ಬೇರೆ. ಎರಡು ವರ್ಷಗಳಿಂದ ಗೆಲ್ಲುತ್ತ ಬಂದಿರುವ ತಾದೇಯ್ ಪೊಗಾಚರ್, ಟೋಕಿಯೊ ಒಲಿಂಪಿಕ್ಸ್‌ನ ಟೈಮ್ ಟ್ರಯಲ್ ಚಿನ್ನ ಗೆದ್ದ ಪ್ರಿಮೋಜ್ ರೋಗ್ಲಿಚ್, ಕಳೆದ ವರ್ಷ ಎರಡನೆಯವರಾಗಿದ್ದ ಯೋನಾಸ್ ವಿಂಗೆಗೋರ್, ಈ ಮೂವರಿಗೂ ನಾಳೆ ಪರಸ್ಪರ ಸಿಗಬಹುದಾದ ಲಾಭ ಬೆರಳೆಣಿಕೆಯ ಸೆಕೆಂಡುಗಳು ಮಾತ್ರ. ಇಪ್ಪತ್ತನೆಯ ಹಂತದಲ್ಲಿ ರೊಕಾಮಡೂರ್‌ಗೆ ಹೋಗುವ 40.7 ಕಿಲೋಮೀಟರಿನ ಟೈಮ್ ಟ್ರಯಲ್ ಇನ್ನೂ ಬಾಕಿ ಇದೆ, ಅದಕ್ಕೂ ಮುನ್ನ ಆಲ್ಪ್ಸ್ ಮತ್ತು ಪಿರೆನೀಸ್ ಬೆಟ್ಟಗಳಿವೆ. ಆದರೆ ಮೊದಲ ದಿನ ಕಳೆದುಕೊಂಡದ್ದು ಬೆನ್ನಿಗೆ ಅಂಟಿಕೊಂಡೇ ಬರುತ್ತದೆ ಎನ್ನುವುದಕ್ಕೆ 1989ರ ಲಕ್ಸೆಂಬರ್ಗ್ ಸಾಕ್ಷಿ. ಹಿಂದಿನ ವರ್ಷದ ವಿಜೇತ ಪೆದ್ರೊ ದೆಲ್ಗಾದೊ ಅಂದು ಹೊರಡುವ ಜಾಗಕ್ಕೆ 2 ನಿಮಿಷ 40 ಸೆಕೆಂಡು ತಡವಾಗಿ ಬಂದರು. ಗಡಿಯಾರ ಅವರಿಗಾಗಿ ಕಾಯಲಿಲ್ಲ. ಮೂರು ವಾರ ಛಲದಿಂದ ಓಡಿ ಮೂರನೆಯವರಾದ ಅವರು ಆ ಸಲ ಗೆದ್ದ ಗ್ರೆಗ್ ಲೆಮಂಡ್ ಅವರಿಗಿಂತ ಒಟ್ಟು 3 ನಿಮಿಷ 34 ಸೆಕೆಂಡು ಹಿಂದುಳಿದಿದ್ದರು.

ವಿಂಗೆಗೋರ್ ಅವರ ಬಗೆಗೆ ಒಂದು ಮಾತು ಹೇಳಲೇಬೇಕು. ಮೀನಿನ ಕಾರ್ಖಾನೆಯಲ್ಲಿ ದುಡಿಯುತ್ತ ಸೈಕಲ್ ತುಳಿದ ಈ ಡೆನ್ಮಾರ್ಕಿನ ಯುವಕ ನಿನ್ನೆ ಟಿವೊಲಿಯಲ್ಲಿ ತಂಡಗಳ ಪರಿಚಯ ನಡೆದಾಗ ಜನರ ಜಯಘೋಷ ಕೇಳಿ ಕಣ್ಣೀರಾದರು. ನೋಡುತ್ತಿದ್ದ ನನ್ನ ಕಣ್ಣೂ ತುಂಬಿತು. ಟೂರ್ ಡೆನ್ಮಾರ್ಕಿಗೆ ಬರುತ್ತಿರುವುದು ಇದೇ ಮೊದಲು. ಮೂಲತಃ ಕಳೆದ ವರ್ಷವೇ ಆಗಬೇಕಿದ್ದ ಈ ಆರಂಭ ಒಂದು ವರ್ಷ ಮುಂದೆ ಹೋಗಿತ್ತು. ಮ್ಯಾಡ್ಸ್ ಪೇಡರ್ಸನ್, ಕ್ಯಾಸ್ಪರ್ ಆಸ್ಗ್ರೀನ್, ಇಪ್ಪತ್ಮೂರರೊಳಗಿನವರ ವಿಶ್ವ ಟೈಮ್ ಟ್ರಯಲ್ ಪಟ್ಟವನ್ನು ಮೂರು ಸಲ ಗೆದ್ದ ಮಿಕ್ಕೆಲ್ ಬ್ಯೆರ್ಗ್, ಇವರಲ್ಲಿ ಒಬ್ಬರಾದರೂ ಮೊದಲ ಹತ್ತರೊಳಗೆ ಬರಲಿ ಎಂಬುದು ನನ್ನ ಆಸೆ. ಆದರೆ ತವರಿನ ಕೂಗು ತಿರುವಿನಲ್ಲಿ ಬ್ರೇಕ್ ಮರೆಸಬಾರದು.

ನಾಳೆ ಸಂಜೆ ಏಳೂವರೆಗೆ ಟಿವಿ ಹಚ್ಚಿದಾಗ ನಾನು ಮೊದಲು ನೋಡುವುದು ಗಡಿಯಾರವನ್ನಲ್ಲ, ರಸ್ತೆಯ ಬಣ್ಣವನ್ನು. ಅದು ಬೂದಿಯಂತೆ ತಿಳಿಯಾಗಿದ್ದರೆ ಗನ್ನಾ. ಕಪ್ಪಾಗಿ ಮಿರುಗುತ್ತಿದ್ದರೆ ವಾನ್ ಆರ್ಟ್. ಹೊತ್ತು ಹೋದಂತೆ ಬಣ್ಣ ಬದಲಾಗುತ್ತಿದ್ದರೆ, ಈ ಬರಹದಲ್ಲಿ ನಾನು ಹೆಸರೇ ಎತ್ತದ ಯಾರೋ ಒಬ್ಬರು.