ಹಸಿರೂ ಬೇಕು, ದೋಣಿಯೂ ಬೇಕು: ಕಾರವಾರದಿಂದ ನೇತ್ರಾಣಿಯವರೆಗಿನ ನಡುಗಡ್ಡೆಗಳು

ನಡುಗಡ್ಡೆ ನೋಡಲು ಉತ್ತರ ಕನ್ನಡಕ್ಕೆ ಬರುವವರು ಹೆಚ್ಚಾಗಿ ಎಡವುವುದು ತಿಂಗಳ ಲೆಕ್ಕದಲ್ಲಿ. ಮೇ ರಜೆಯಲ್ಲಿ ಬಂದರೆ ದೋಣಿ ಸಿಗುತ್ತದೆ, ಆದರೆ ಅಷ್ಟು ಹೊತ್ತಿಗೆ ಗುಡ್ಡದ ಹುಲ್ಲು ಒಣಗಿ ಬಂಡೆ ಕಾದಿರುತ್ತದೆ. ಜುಲೈಯಲ್ಲಿ ಕಣ್ಣು ತುಂಬುವಷ್ಟು ಹಸಿರು, ದೋಣಿ ಮಾತ್ರ ದಡ ಬಿಡುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಪ್ರವಾಸಿ ದೋಣಿಗಳಂತೂ ಸಾಮಾನ್ಯವಾಗಿ ಸೆಪ್ಟೆಂಬರ್ ಕಳೆಯುವವರೆಗೆ ದಡದ ಮೇಲೆಯೇ ಇರುತ್ತವೆ. ಹಸಿರು ಮತ್ತು ಶಾಂತ ಕಡಲು ಒಟ್ಟಿಗೆ ಸಿಗುವುದು ದೀಪಾವಳಿ ಹೊತ್ತಿನಿಂದ ಡಿಸೆಂಬರ್ ಕೊನೆಯವರೆಗೆ. ಬೇರೆ ಏನನ್ನು ಬಿಟ್ಟರೂ ಈ ಎರಡು ತಿಂಗಳನ್ನು ಬಿಡಬೇಡಿ. ಅಕ್ಟೋಬರ್-ನವೆಂಬರಿನಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದುಂಟು. ಹಾಗಾಗಿ ಹೊರಡುವ ಎರಡು ದಿನ ಮೊದಲಿಂದ ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಸೂಚನೆಯನ್ನು ನೋಡುತ್ತಿರಿ.

ತಿಂಗಳು ಗೊತ್ತಾದ ಮೇಲೆ ಹೊತ್ತು. ಚಳಿಗಾಲದ ಬೆಳಗಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ನೀರು ಎಣ್ಣೆಯಂತೆ ಮಲಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾಯುತ್ತದೆ, ಗಾಳಿ ತಿರುಗಿ ಕಡಲಿಂದ ಬರತೊಡಗುತ್ತದೆ, ಅಲೆ ಏಳುತ್ತದೆ. ಏಳು ಗಂಟೆಗೆ ಹೊರಟು ಹನ್ನೊಂದೂವರೆಯೊಳಗೆ ದಡಕ್ಕೆ ಮರಳುವಂತೆ ಮಾತಾಡಿಕೊಳ್ಳಿ. ಕಾಳಿ ನದಿಯ ಅಳಿವೆ ದಾಟಿ ಹೋಗುವ ದೋಣಿಯಾದರೆ ಉಬ್ಬರ-ಇಳಿತವನ್ನೂ ನೋಡಬೇಕು. ಇಳಿತದ ನೀರು ಹೊರಗೆ ನುಗ್ಗುವಾಗ ಪಡುವಣ ಗಾಳಿ ಒಳಗೆ ಬೀಸಿದರೆ ಅಳಿವೆಯ ಬಾಯಲ್ಲಿ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಮರಳ ದಿಬ್ಬದ ಮೇಲೆ ಅವು ಮುರಿಯುವ ಜಾಗವೇ ಅಪಾಯದ್ದು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇದರ ಜೋರು ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಉಬ್ಬರದಿಂದ ಇಳಿತಕ್ಕೆ ಆರು ತಾಸಿನ ಮೇಲೆ ಸ್ವಲ್ಪ ಹಿಡಿಯುತ್ತದೆ. ಇವತ್ತಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹಿಂದಿನ ದಿನ ಸಂಜೆ ಸದಾಶಿವಗಡ ಗುಡ್ಡ ಹತ್ತಿದರೆ ಅಳಿವೆ, ಸೇತುವೆ, ದೇವಬಾಗ್‌ನ ಗಾಳಿಮರದ ಸಾಲು, ಆಚೆಯ ನಡುಗಡ್ಡೆಗಳು ಎಲ್ಲ ಒಟ್ಟಿಗೆ ಕಾಣುತ್ತವೆ. ನೀರಿನ ಮೇಲೆ ಬಿಳಿ ಗೆರೆ ಎಲ್ಲಿ ಏಳುತ್ತದೆ ಎಂದು ಅಲ್ಲಿಂದಲೇ ಗುರುತಿಸಬಹುದು.

ಕಾರವಾರದಲ್ಲಿ ಮೊದಲು ಕೂರ್ಮಗಡ. ದೂರದಿಂದ ನೋಡಿದರೆ ಬೆನ್ನು ಮೇಲೆ ಮಾಡಿ ಮಲಗಿದ ಆಮೆಯೇ. ಮೇಲೆ ನರಸಿಂಹ ದೇವಸ್ಥಾನವಿದೆ. ಪುಷ್ಯ ಹುಣ್ಣಿಮೆಗೆ ಜಾತ್ರೆ, ಬೈತಖೋಲ ಬಂದರಿನಿಂದ ಸಾಲು ಸಾಲು ದೋಣಿ, ದೇವರಿಗೆ ಬಾಳೆಹಣ್ಣು. ಜಾತ್ರೆಯ ಸೊಗಸು ಬೇರೆ, ಆದರೆ ಕಾಡು ನೋಡುವವರಿಗೆ ಆ ದಿನ ಬೇಡ. 2019ರ ಜನವರಿ 21ರಂದು ಇದೇ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಆದ್ದರಿಂದ ಹತ್ತುವ ಮೊದಲೇ ತಲೆ ಎಣಿಸಿ, ದೋಣಿಯ ಮೇಲೆ ಬರೆದ ಸಂಖ್ಯೆಗಿಂತ ಒಬ್ಬರು ಹೆಚ್ಚಿದ್ದರೂ ಹತ್ತಬೇಡಿ. ಲೈಫ್ ಜಾಕೆಟ್ ಪಕ್ಕದಲ್ಲಿಟ್ಟುಕೊಳ್ಳುವ ವಸ್ತುವಲ್ಲ. ಹಾಕಿಕೊಂಡು ಬಕಲ್ ಬಿಗಿದ ಮೇಲೆ ಇನ್ನೊಬ್ಬರಿಂದ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ. ಜಾಕೆಟ್ ಗಲ್ಲ ದಾಟಿ ಕಿವಿಯವರೆಗೆ ಏರಿತೆಂದರೆ ಅದು ದೊಡ್ಡದು. ನೀರಿನಲ್ಲಿ ಅದು ತೇಲುತ್ತದೆ, ಒಳಗಿನವರು ಜಾರುತ್ತಾರೆ. ಮಕ್ಕಳಿಗೆ ಮಕ್ಕಳದ್ದೇ ಅಳತೆ ಕೇಳಿ, ಇಲ್ಲವೆಂದರೆ ಬೇರೆ ದೋಣಿ ನೋಡಿ.

ಗಡದ ಬುಡದಲ್ಲಿ ಕಾಲು ಜಾರುವುದು ಸಾಮಾನ್ಯ. ಇಳಿತದಲ್ಲಿ ತೆರೆದುಕೊಳ್ಳುವ ಬಂಡೆಯ ಮೇಲೆ ಪಾಚಿ ಇರುತ್ತದೆ, ಅದರ ನಡುವೆ ಸಿಂಪಿಯ ಚೂಪು ಅಂಚು. ಹವಾಯಿ ಚಪ್ಪಲಿ ಬೇಡ, ಬರಿಗಾಲೂ ಬೇಡ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಸಾಕು. ಅಲೆ ದೋಣಿಯನ್ನು ಮೇಲೆತ್ತಿದಾಗ ಕಾಲಿಡಬೇಕು, ಇಳಿಯುವಾಗ ಅಲ್ಲ. ದೋಣಿಯವರು ಹೇಳುವ ತನಕ ಕುಳಿತೇ ಇರಿ. ತಲೆಗೆ ಮೂರು ಲೀಟರ್ ನೀರು, ಉಪ್ಪು ಹಾಕಿದ ಮುರುಗಲು ಪಾನಕ, ಬಾಳೆಹಣ್ಣು, ಅವಲಕ್ಕಿ ಇದ್ದರೆ ಬೆಳಗು ಕಳೆಯುತ್ತದೆ. ತಂದ ಪ್ಲಾಸ್ಟಿಕ್ ಅಷ್ಟೂ ಅದೇ ಚೀಲದಲ್ಲಿ ವಾಪಸ್.

ಹೋಗುವಾಗಲೋ ಬರುವಾಗಲೋ ಡಾಲ್ಫಿನ್ ಕಾಣುವ ಸಾಧ್ಯತೆ ಚೆನ್ನಾಗಿದೆ. ಇಲ್ಲಿಯವು ಬೆನ್ನ ಮೇಲೆ ಗೂನಿರುವ ಜಾತಿಯವು, ದಡದ ಹತ್ತಿರವೇ ಮೀನು ಹಿಡಿಯುತ್ತವೆ. ಅವುಗಳ ಹಿಂದೆ ದೋಣಿ ಓಡಿಸಲು ಹೇಳಬೇಡಿ, ಎಂಜಿನ್ ಸದ್ದಿಗೆ ಮುಳುಗಿ ದೂರ ಹೋಗಿಬಿಡುತ್ತವೆ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಕಾದರೆ ತಾವಾಗಿ ಹತ್ತಿರ ಬರುವುದೂ ಉಂಟು.

ದೀಪಸ್ತಂಭವಿರುವ ದೇವಗಡವನ್ನು ದೋಣಿಯಿಂದಲೇ ನೋಡಿದರೂ ಸಾಕು. ಅಂಜುದೀವಿಗೆ ಮಾತ್ರ ಪ್ರವಾಸದ ಆಸೆ ಬೇಡ. ವಾಸ್ಕೋ ಡ ಗಾಮ 1498ರಲ್ಲಿ ತಂಗಿದ, ಪೋರ್ಚುಗೀಸರು 1505ರಲ್ಲಿ ಕೋಟೆ ಕಟ್ಟಿದ ಈ ದ್ವೀಪ ಆಡಳಿತದ ಲೆಕ್ಕಕ್ಕೆ ಗೋವಾದ್ದು, ಈಗ ಕದಂಬ ನೌಕಾನೆಲೆಯ ಭಾಗ. ದಡದಿಂದ ನೋಡಿ, ನೌಕಾನೆಲೆಯ ಕಡೆ ಕ್ಯಾಮೆರಾ ತಿರುಗಿಸಬೇಡಿ.

ನವೆಂಬರ್-ಡಿಸೆಂಬರಿನಲ್ಲಿ ಇದ್ದರೆ ಒಂದು ರಾತ್ರಿಯನ್ನು ಕತ್ತಲೆಯ ದಡಕ್ಕೆ ಮೀಸಲಿಡಿ. ನಾಕ್ಟಿಲ್ಯೂಕಾ ಎಂಬ ಸೂಕ್ಷ್ಮಜೀವಿ ನೀರಿನಲ್ಲಿ ಹೆಚ್ಚಿದಾಗ ಮುರಿಯುವ ಅಲೆಯ ಅಂಚು ನೀಲಿಯಾಗಿ ಹೊಳೆಯುತ್ತದೆ. ಪ್ರತಿ ವರ್ಷ, ಪ್ರತಿ ದಡದಲ್ಲಿ ಆಗುವಂಥದ್ದಲ್ಲ. ಚಂದ್ರನಿಲ್ಲದ ರಾತ್ರಿ, ಬೀದಿದೀಪದಿಂದ ದೂರ, ಮೊಬೈಲ್ ಒಳಗಿಟ್ಟು ಕಾಲು ಗಂಟೆ ಕಣ್ಣನ್ನು ಕತ್ತಲೆಗೆ ಒಗ್ಗಿಸಿ, ಆಮೇಲೆ ನೋಡಿ. ಕಂಡರೆ ಜನ್ಮಕ್ಕೆ ಮರೆಯುವುದಿಲ್ಲ.

ದಕ್ಷಿಣಕ್ಕೆ ಹೊರಟರೆ ಹೊನ್ನಾವರದ ಎದುರು ಬಸವರಾಜ ದುರ್ಗ. ಮೇಲೆ ಮೇಜಿನಂತೆ ಚಪ್ಪಟೆ, ಸುತ್ತ ಕೆಳದಿ ಅರಸರ ಕಾಲದ ಕೋಟೆಗೋಡೆ. ಅಂದಹಾಗೆ ಇದೇ ಸೀಮೆಯ ಪಾವಿನಕುರ್ವೆ, ಮಾವಿನಕುರ್ವೆ ಎಂಬ ಹೆಸರುಗಳಲ್ಲಿರುವ ‘ಕುರ್ವೆ’ ಎಂದರೂ ನಡುಗಡ್ಡೆಯೇ, ನದಿಯದ್ದು.

ನೇತ್ರಾಣಿಯ ರೀತಿಯೇ ಬೇರೆ. ಕಾರವಾರದಿಂದ ಮುರ್ಡೇಶ್ವರಕ್ಕೆ ಸುಮಾರು 120 ಕಿ.ಮೀ., ಅಲ್ಲಿಂದ ಕಡಲಲ್ಲಿ ಸುಮಾರು 19 ಕಿ.ಮೀ., ದೋಣಿಯಲ್ಲಿ ಒಂದರಿಂದ ಒಂದೂವರೆ ತಾಸು. ಸುತ್ತ ಕಡಿದಾದ ಬಂಡೆ, ಹಿಂದೆ ನೌಕಾಪಡೆ ಗುಂಡಿನ ಅಭ್ಯಾಸಕ್ಕೂ ಇದನ್ನು ಬಳಸಿತ್ತು. ಇಳಿದು ತಿರುಗಾಡುವ ಯೋಚನೆ ಬಿಡಿ, ನೋಡಬೇಕಾದ್ದು ನೀರಿನ ಕೆಳಗಿದೆ. ಮಳೆಗಾಲದಲ್ಲಿ ಹೊಳೆಗಳು ತಂದ ಕೆಸರು ತಳ ಸೇರಿದ ಮೇಲೆ, ಡಿಸೆಂಬರ್ ಹೊತ್ತಿಗೆ, ನೀರು ತಿಳಿಯಾಗುತ್ತದೆ. ಹವಳ, ಗಿಳಿಮೀನು, ಚಿಟ್ಟೆಮೀನು, ಬಂಡೆಯ ಸಂದಿಯಲ್ಲಿ ಮೋರೆ ಹಾವುಮೀನು.

ಇದನ್ನು ನೋಡಲು ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯಬೇಕು, ಅದೇ ಸ್ಕೂಬಾ ಡೈವ್. ಈಜು ಬಾರದವರೂ ತರಬೇತುದಾರರ ಜೊತೆ ಇಳಿಯಬಹುದು. ಕನಿಷ್ಠ ವಯಸ್ಸು 10, ಕಲಿಯದವರಿಗೆ ಗರಿಷ್ಠ ಆಳ 12 ಮೀಟರ್. ಆಸ್ತಮಾ, ಹೃದಯದ ತೊಂದರೆ, ಮೂರ್ಛೆ ರೋಗ ಇದ್ದವರು ವೈದ್ಯರ ಒಪ್ಪಿಗೆ ಇಲ್ಲದೆ ಹಣ ಕಟ್ಟಬೇಡಿ. ಗರ್ಭಿಣಿಯರು ಇಳಿಯಲೇಬಾರದು. ಹೆಚ್ಚಿನವರ ಡೈವ್ ಹಾಳಾಗುವುದು ಕಿವಿಯಿಂದ. ಕೆಳಗೆ ಹೋದಂತೆ ನೀರಿನ ಒತ್ತಡ ಕಿವಿತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ, ಅರ್ಧ ಮೀಟರಿಗೊಮ್ಮೆ, ನೋವು ಶುರುವಾಗುವ ಮೊದಲೇ. ನೋವಾದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ, ಬಲವಂತ ಬೇಡ. ನೆಗಡಿ ಇದ್ದರೆ ಮೂಗಿನಿಂದ ಕಿವಿಗೆ ಗಾಳಿ ಹೋಗುವ ದಾರಿಯೇ ಕಟ್ಟಿರುತ್ತದೆ, ದಿನ ಮುಂದೂಡಿ. ಇನ್ನೊಂದು, ಮೇಲೇರುವಾಗ ಉಸಿರು ಹಿಡಿಯಲೇಬೇಡಿ. ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಗಾಯವಾಗುತ್ತದೆ. ಮೀಸೆ ದಪ್ಪವಿದ್ದರೆ ಮಾಸ್ಕಿನೊಳಗೆ ನೀರು ಬರುತ್ತದೆ, ಮೂಗಿನ ಕೆಳಗಿನ ಒಂದು ಗೆರೆ ಬೋಳಿಸಿದರೆ ಸಾಕು. ಹವಳ ಮುಟ್ಟಬೇಡಿ, ಕಾಲಿನ ರೆಕ್ಕೆಯೂ ತಾಗದಿರಲಿ.

ಕಡಲ ವಾಂತಿಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ, ದೋಣಿ ಹತ್ತುವ ಒಂದು ತಾಸು ಮೊದಲೇ ತೆಗೆದುಕೊಳ್ಳಬೇಕು. ಕೆಲವು ಮಾತ್ರೆ ತೂಕಡಿಕೆ ತರಿಸುವುದರಿಂದ ಡೈವಿಗೆ ಇಳಿಯುವ ವಿಷಯವನ್ನು ಮರೆಯದೆ ಹೇಳಿ. ಬೆಳಗ್ಗೆ ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಕೆಟ್ಟದ್ದು, ಎಣ್ಣೆ ತಿಂಡಿಯೂ ಕೆಟ್ಟದ್ದು.

ಬೆಂಗಳೂರಿನವರು ಹೆಚ್ಚಾಗಿ ಮಾಡುವ ತಪ್ಪು ಇದು: ಮಧ್ಯಾಹ್ನ ಡೈವ್ ಮುಗಿಸಿ ಅದೇ ಸಂಜೆಯ ಬಸ್ ಹತ್ತುವುದು. ನೀರಿನಡಿ ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಲು ಹೊತ್ತು ಬೇಕು. ಅದಕ್ಕೇ ಒಂದು ಡೈವ್ ಆದರೆ ಕನಿಷ್ಠ 12 ತಾಸು, ಹೆಚ್ಚಾದರೆ 18 ತಾಸು ವಿಮಾನ ಬೇಡ ಎನ್ನುತ್ತಾರೆ. ಸುಮಾರು 600 ಮೀಟರ್ ಮೀರಿದ ಎತ್ತರಕ್ಕೆ ಏರುವುದಕ್ಕೂ ಇದೇ ಲೆಕ್ಕ, ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ. ಬಸ್ಸೇ ಆದರೂ ಘಟ್ಟ ಹತ್ತಲೇಬೇಕು. ಮುರ್ಡೇಶ್ವರದಲ್ಲಿ ಆ ರಾತ್ರಿ ಉಳಿದು, ಕುಚ್ಚಲಕ್ಕಿ ಅನ್ನದ ಜೊತೆ ಬಂಗಡೆ ಸಾರು ಉಂಡು, ಮರುದಿನ ಸಂಜೆಯ ಬಸ್ಸಿಗೆ ಟಿಕೆಟ್ ಮಾಡಿಸಿ.